ಯಾವುದರ ಬೆನ್ನಿಗೆ ಬಂತು ಆ ಮಾತು?

ಎರಡು ಸಾವಿರದ ಎಂಟುನೂರು ಹೇಳಿದ, ಎರಡು ಸಾವಿರದ ನೂರಕ್ಕೆ ಕೊಟ್ಟ. ಹೊಸೂರು ಬಸ್ ನಿಲ್ದಾಣದ ಹಿಂದಿನ ಬೀದಿಯ ಅಂಗಡಿ. ಸರಕು, ಮಾತು ರೆಕಾರ್ಡ್ ಮಾಡುವ ಬೆರಳುದ್ದದ ಯಂತ್ರ. ನನಗೆ ಅದರಿಂದ ಮೂರು ಕಾಸಿನ ಉಪಯೋಗವಿರಲಿಲ್ಲ. ನಾನು ಹಳೆ ಪಂಪ್‌ಸೆಟ್ಟು, ಪೈಪು, ಟ್ರ್ಯಾಕ್ಟರು ಕೊಂಡು ಮಾರುವವನು. ಕೊಂಡದ್ದು ಮೇಡಂಗೆ, ನನ್ನ ಬಾಡಿಗೆ ಅಂಗಡಿಯ ಮಾಲೀಕರಿಗೆ. ನನ್ನ ತಂಗಿಯ ತೋಟಕ್ಕೆ ದಾರಿ ಕೊಳ್ಳುವ ವ್ಯವಹಾರಕ್ಕೆ ಬಂದು ಕೂರಲು ಒಪ್ಪಿದ್ದರು, ಫೀಸು ಮುಟ್ಟುವುದಿಲ್ಲ ಎಂದಿದ್ದರು, ಅವರ ಹಳೆಯ ಯಂತ್ರ ಕೆಟ್ಟು ಕೂತಿತ್ತು. ಪುಕ್ಕಟೆ ಕೆಲಸ ನಾನು ಯಾರ ಕೈಲೂ ಮಾಡಿಸುವುದಿಲ್ಲ. ಪುಕ್ಕಟೆ ಮಾಡುವವರಿಗೆ ಅರ್ಧಕ್ಕೆ ಬಿಟ್ಟು ಹೋಗುವ ಹಕ್ಕೂ ಇರುತ್ತದೆ.

ಆ ಅಂಗಡಿಯವನು ನನ್ನ ಹತ್ತಿರ ತಮಿಳು ಆಡುತ್ತಿದ್ದ, ಒಳಗಿನ ಕೆಲಸದವನನ್ನು ತೆಲುಗಿನಲ್ಲಿ ಗದರುತ್ತಿದ್ದ. "ಕಟ್ಟುಪಡಿ ಆಗಾದು ಸಾರ್," ಗಿಟ್ಟುವುದಿಲ್ಲ ಎಂದು ತಲೆಯಾಡಿಸಿದ. ನಾನು ಮಾಮೂಲಿನಂತೆ ಎದ್ದೆ. "ಸರಿ ಬುಡಿ, ಬತ್ತೀನಿ," ಎಂದೆ. ಮೆಟ್ಟಿಲಿಳಿಯುವುದರೊಳಗೆ ಅವನು, "ಅಯ್ಯೋ ಬನ್ನಿ ಅಣ್ಣ, ನೀವು ನಮ್ಮೋರು," ಎಂದು ಕೂಗಿದ. ಸಾಮಾನು ಕೈಗೆ ಬಂತು. ಬೀದಿಗೆ ಬಂದ ಮೇಲೆ ಬೇರೆ ಯಾರಾದರೂ ಆಗಿದ್ದರೆ ಎಷ್ಟು ಉಳಿಯಿತು ಎಂದು ಕೇಳುತ್ತಿದ್ದರು. ಜೊತೆಗೆ ಬಂದಿದ್ದ ಮೇಡಂ ಕೇಳಿದ್ದೇ ಬೇರೆ.

"ಅವನು ಕನ್ನಡಕ್ಕೆ ಯಾವಾಗ ಬಂದ, ನೋಡಿದ್ರಾ?"

"ನಾವು ಕನ್ನಡದೋರು ಅಂತ ಗೊತ್ತಾಗಿರ್ಬೇಕು ಮೇಡಂ."

"ಅದು ಬಾಗಿಲಲ್ಲೇ ಗೊತ್ತಾಗಿತ್ತು. ನನ್ನ ಹತ್ರ ಕನ್ನಡ ಮಾತಾಡ್ತಾನೇ ಒಳಗೆ ಬಂದ್ರಿ ನೀವು. ಆದ್ರೂ ತಮಿಳಲ್ಲೇ ಇದ್ದ. ಅವನಿಗೆ ಬೆಲೆ ಇಳಿಸಬೇಕಿತ್ತು, ಆದ್ರೆ ಸೋತು ಇಳಿಸಿದ ಹಾಗೆ ಕಾಣಬಾರದಿತ್ತು. ನಮ್ಮೋರಿಗೆ ಇಳಿಸ್ದೆ ಅಂದ್ರೆ ಮರ್ಯಾದೆ ಉಳೀತದೆ. ಎದ್ದು ನಿಂತು ಮೊದಲು ಕನ್ನಡದಲ್ಲಿ 'ಬತ್ತೀನಿ' ಅಂದೋರು ನೀವು. ಅದರ ಬೆನ್ನಿಗೇ ಅವನೂ ಬಂದ."

ಎದ್ದು ಹೊರಡುವ ವಿದ್ಯೆ ನನಗೆ ಗೊತ್ತಿತ್ತು. ಅದು ಯಾಕೆ ನಡೆಯುತ್ತದೆ ಎಂದು ಅವತ್ತಿನವರೆಗೆ ಯಾರೂ ಹೇಳಿರಲಿಲ್ಲ. ಅವತ್ತಿನಿಂದ ನೆಮ್ಮದಿಯಾಗಿ ಒಂದು ವ್ಯಾಪಾರ ಮಾಡಲೂ ಆಗಿಲ್ಲ. ಎದುರಿನವನು ಕೆಮ್ಮಿದರೂ, ಇದು ಯಾವುದರ ಬೆನ್ನಿಗೆ ಬಂತು ಎಂದು ತಲೆ ಹೊರಳುತ್ತದೆ.

ಮೇಡಂ ಈ ಸಲ ಮಳೆ ಹಿಡಿಯುವ ಮೊದಲೇ ತೀರಿಕೊಂಡರು. ಅವರ ಮನೆಯ ಕೆಳಗಿನ ಅಂಗಡಿಯಲ್ಲಿ ನಾನು ಬಾಡಿಗೆಗಿದ್ದವನು, ಈಗಲೂ ಇದ್ದೇನೆ. ಮೇಲೆ ಬೀಗ ಬಿದ್ದಿದೆ. ಗಿರಾಕಿ ಬಂದಾಗ ನನ್ನ ಕಣ್ಣು ಈಗಲೂ ಮೆಟ್ಟಿಲ ಕಡೆ ಹೋಗುತ್ತದೆ, ಏಕೆಂದರೆ ನಮ್ಮ ಪರಿಚಯ ಶುರುವಾದದ್ದೇ ಅಲ್ಲಿ. ನಾನು ಅಂಗಡಿ ಇಟ್ಟ ಹೊಸದರಲ್ಲಿ, ಚೌಕಾಸಿ ಏರುದನಿಗೆ ಬಂದಾಗಲೆಲ್ಲ ಮನೆಯ ಯಜಮಾನಿ ಅರ್ಧ ಮೆಟ್ಟಿಲಿಳಿದು ಗೋಡೆಗೆ ಕೈಕೊಟ್ಟು ನಿಲ್ಲುತ್ತಿದ್ದರು. ಬಾಡಿಗೆ ಏರಿಸಲು ನನ್ನ ಲಾಭ ಅಂದಾಜು ಮಾಡುತ್ತಿದ್ದಾರೆ ಎಂದು ನಾನು ದನಿ ತಗ್ಗಿಸಿದೆ. ಒಂದು ದಿನ ಅವರೇ ಇಳಿದು ಬಂದು, "ಯಾಕೆ ಮೆಲ್ಲಗೆ ಮಾತಾಡ್ತೀರಿ? ನನ್ನ ಕೆಲಸ ಕೆಡ್ತು," ಎಂದರು.

ಅವರು ಹೊಸೂರಿನ ಹಳೇ ಮನೆತನದವರು. ಕನ್ನಡ ಮಾಧ್ಯಮದ ಶಾಲೆಯಲ್ಲಿ ಟೀಚರಾಗಿದ್ದು ನಿವೃತ್ತರಾದವರು. ಪಾಠ ಮಾಡುತ್ತಲೇ ಒಂದು ಸಂಶೋಧನೆ ಹಿಡಿದಿದ್ದರು. ಸಂಕಥನ ವಿಶ್ಲೇಷಣೆ ಎಂದು ಅದರ ಹೆಸರು. ಹೆಸರು ಕೇಳಿ ಹೆದರಬೇಡಿ, ನಾನೂ ಹೆದರಿದ್ದೆ. ಜನ ಎಲ್ಲಿ, ಯಾರ ಮುಂದೆ, ಯಾವ ಮಾತಿನ ಬೆನ್ನಿಗೆ ಯಾವ ಮಾತು ಆಡುತ್ತಾರೆ, ಆಡಿ ಏನು ಸಾಧಿಸುತ್ತಾರೆ, ಇಷ್ಟನ್ನು ನೋಡುವ ವಿದ್ಯೆ. ಆಸ್ಪತ್ರೆಯ ಸಾಲು, ಪಂಚಾಯ್ತಿ, ಬಸ್ಸು, ನಲ್ಲಿಕಟ್ಟೆ ಎಲ್ಲ ಅವರಿಗೆ ಹೊಲಗದ್ದೆ. ಆಡಿದ್ದನ್ನು ಆಡಿದಂತೆಯೇ ಬರೆದುಕೊಳ್ಳಬೇಕು. ಉಸಿರು ಎಳೆದದ್ದು, ನಡುವೆ ನಿಂತದ್ದು, ಇಬ್ಬರು ಒಟ್ಟಿಗೆ ಬಾಯಿ ಹಾಕಿದ್ದು, ಎಲ್ಲ. ಒಂದು ಟೀ ಕುಡಿಯುವಷ್ಟು ಹೊತ್ತಿನ ಮಾತನ್ನು ಬರೆಯಲು ಅವರಿಗೆ ಇಡೀ ದಿನ ಬೇಕಾಗುತ್ತಿತ್ತು. ಅದೂ ಕೂತು ಬರೆಯುವ ಹೆಂಗಸಲ್ಲ. ಇಯರ್‌ಫೋನು ಕಿವಿಗೆ ಸಿಕ್ಕಿಸಿಕೊಂಡು ತಾರಸಿಯ ಮೇಲೆ ಆ ತುದಿಯಿಂದ ಈ ತುದಿಗೆ ನಡೆಯುತ್ತಿದ್ದರು. ಕೆಳಗೆ ನನ್ನ ತಲೆಯ ಮೇಲೆ ಚಪ್ಪಲಿ ಸದ್ದು. ಸದ್ದು ತಟ್ಟನೆ ನಿಂತರೆ ಏನೋ ಸಿಕ್ಕಿದೆ ಎಂದರ್ಥ. ಟೀ ಕೆನೆಗಟ್ಟಿ ಅಲ್ಲೇ ಕಟ್ಟೆಯ ಮೇಲೆ.

ಒಮ್ಮೆ ಡೆಂಕಣಿಕೋಟೆಗೆ ಹೊರಟವರು ಅದರಾಚೆಯ ಅಂಚೆಟ್ಟಿಗೆ ಹೋಗಿಬಿಟ್ಟಿದ್ದರು. ಹಿಂದಿನ ಸೀಟಿನಲ್ಲಿ ಇಬ್ಬರು ವಾರಗಿತ್ತಿಯರು ಜಗಳವಾಡುತ್ತಿದ್ದರಂತೆ. ಮುಗಿಯುವವರೆಗೆ ಇಳಿಯಲು ಮನಸ್ಸು ಬರಲಿಲ್ಲವಂತೆ. ಅಲ್ಲಿಂದ ವಾಪಸು ಬಸ್ಸು ಸುಲಭಕ್ಕೆ ಸಿಗುತ್ತದೆಯೇ? ಮಾರನೆಯ ದಿನ ಕಾಲು ಒತ್ತಿಕೊಳ್ಳುತ್ತಾ ಹೇಳಿದರು: "ಇಬ್ಬರೂ ಇಡೀ ದಾರಿ ಬೈದಾಡಿದ್ರು. ಆದ್ರೆ ಒಬ್ಬಳು ಮುಗಿಸೋ ತನಕ ಇನ್ನೊಬ್ಬಳು ಬಾಯಿ ಹಾಕಲಿಲ್ಲ ಕಣ್ರಿ. ಜಗಳ ಆಡೋಕೂ ಎಷ್ಟು ಒಪ್ಪಂದ ಬೇಕು!"

ಮನೆಗೆ ಕರೆದರೆ ಕಷ್ಟ. ನನ್ನ ಹೆಂಡತಿ ಒಮ್ಮೆ ಊಟಕ್ಕೆ ಏಳಿ ಎಂದಾಗ, "ಹೇಳೋಕೆ ಮುಂಚೆ ಸ್ವಲ್ಪ ತಡೆದ್ರಲ್ಲ, ಸಾರು ಕಡಿಮೆ ಇದೆಯಾ?" ಎಂದುಬಿಟ್ಟರು. ಸಾರು ನಿಜಕ್ಕೂ ಕಡಿಮೆ ಇತ್ತು. ಅವತ್ತಿನಿಂದ ಇವಳು, "ಆ ಯಮ್ಮನ ಮುಂದೆ ಉಸ್ರು ಬುಡಾಕೂ ಭಯ ಆಯ್ತದೆ, ನೀನೇ ಹೋಗಿ ಮಾತಾಡ್ಕೊ," ಎನ್ನುತ್ತಿದ್ದಳು. ಮೇಡಂಗೆ ಇದು ಗೊತ್ತಿತ್ತು. ನಂಟರು ಕಡಿಮೆ ಬರುತ್ತಿದ್ದರು. "ಕೇಳಿಸ್ಕೊಳ್ಳೋರು ಬೇಕು ಅಂತಾರೆ ಎಲ್ಲಾರೂ. ಪೂರ್ತಿ ಕೇಳಿಸ್ಕೊಂಡ್ರೆ ಓಡಿ ಹೋಗ್ತಾರೆ," ಎಂದು ನಕ್ಕಿದ್ದರು; ನಗು ಮುಗಿಯುವ ಮೊದಲೇ ತಾರಸಿಗೆ ಹತ್ತಿದ್ದರು.

ಇಂಥವರನ್ನು ನಾನು ಯಾಕೆ ವ್ಯವಹಾರಕ್ಕೆ ಕರೆದೊಯ್ದೆ ಎಂದು ಹೇಳಬೇಕು.

ನನ್ನ ತಂಗಿ ಸರಸು ಬಾಗಲೂರಿನ ಆಚೆ ಗುಲಾಬಿ ಹಾಕಿದ್ದಳು. ಅವಳ ಗಂಡ ಫ್ಯಾಕ್ಟರಿಯಲ್ಲಿ ಶಿಫ್ಟು, ತೋಟವೆಲ್ಲ ಅವಳದೇ. ಒಳ್ಳೆ ಮಣ್ಣು, ಒಳ್ಳೆ ನೀರು, ಆದರೆ ರಸ್ತೆಯಿಂದ ತೋಟಕ್ಕೆ ವ್ಯಾನು ಬರುವ ದಾರಿ ಇಲ್ಲ. ಮಧ್ಯೆ ಪಕ್ಕದವರ ಜಮೀನು. ಬದುವಿನ ಮೇಲೆ ನಡೆದು ಹೋಗಲು ಅವರದೇನೂ ಅಡ್ಡಿಯಿರಲಿಲ್ಲ. ಆದರೆ ಹೂವಿನ ಕಟ್ಟುಗಳನ್ನು ತಲೆಯ ಮೇಲೆ ಹೊತ್ತು ರಸ್ತೆಗೆ ತರುವುದರೊಳಗೆ ಮೊಗ್ಗು ನಲುಗಿ, ಕೊಳ್ಳುವವನು ಮೂಗು ಮುರಿಯುತ್ತಿದ್ದ. ಗಿಡ ತುಂಬ ಹೂವಿಗೆ ಬರುವುದರೊಳಗೆ ದಾರಿ ಆಗದಿದ್ದರೆ ತೋಟ ಲೇಔಟಿನವರಿಗೆ ಕೊಡುವುದೆಂದು ಅವಳ ಗಂಡ ಹೇಳಿಬಿಟ್ಟಿದ್ದ. ಲೇಔಟಿನವನು ದಿನಾ ಫೋನು ಮಾಡುತ್ತಿದ್ದ. ಸರಸು ನನ್ನ ಅಂಗಡಿಗೆ ಬಂದು ನಿಂತೇ ಹೇಳಿದಳು: "ಅಣ್ಣ, ಊರೋರ ಹಳೇ ಕಬ್ಬಿಣ ಎಲ್ಲಾ ಕೊಡುಸ್ತೀಯ. ನನ್ಗೊಂದು ದಾರಿ ಕೊಡ್ಸು. ಆ ಗಿಡ ನಾನು ಮಕ್ಳಂಗೆ ಸಾಕಿವ್ನಿ."

ಪಕ್ಕದ ಜಮೀನಿನ ಯಜಮಾನ ವೆಂಕಟಪ್ಪ. ಒಳ್ಳೆಯವನು. ಹೋದ ಕೂಡಲೇ ಕುರ್ಚಿ, ನೀರು, ಎಲೆಅಡಿಕೆ. ಅವನ ಜಮೀನಿನ ಅಂಚಿನಲ್ಲಿ ಹೊಂಗೆ ಮರದ ಈಚೆಗೆ ನೇರವಾದ ಪಟ್ಟಿ ಒಂದಿತ್ತು. ನಾನು ಮೊದಲ ದಿನವೇ ಗೂಟ ಹೊಡೆದು ದಾರ ಎಳೆದು ತೋರಿಸಿದ್ದೆ. ಬೆಲೆ ಹೇಳಿದೆ. "ನೋಡಾನ ಬುಡಣ್ಣ," ಎಂದ. ಏರಿಸಿದೆ. "ನೋಡಾನ." ನಮ್ಮ ಕಡೆ "ನೋಡಾನ" ಎಂದರೆ ಇನ್ನಷ್ಟು ಹಾಕು ಎಂದೇ ಲೆಕ್ಕ. ಇನ್ನೂ ಏರಿಸಿದೆ. ಅವನ ಮುಖ ಇನ್ನಷ್ಟು ಸಪ್ಪಗಾಯಿತು. ಬೆಲೆ ಏರಿದಂತೆ ಸಪ್ಪಗಾಗುವ ಮುಖವನ್ನು ನಾನು ನನ್ನ ಜೀವಮಾನದಲ್ಲಿ ನೋಡಿರಲಿಲ್ಲ. ಬರಿಗೈಲಿ ಬಂದು ಮೇಡಂಗೆ ಹೇಳಿದೆ. "'ನೋಡಾನ' ಅಂದ್ರೆ ಏನು ಮೇಡಂ, ಹೂಂ ಅಂತಲೋ, ಊಹೂಂ ಅಂತಲೋ?"

"ಅರ್ಥ ಕೇಳ್ಬೇಡಿ, ಕೆಲಸ ಕೇಳಿ," ಎಂದರು. "ಆ ಮಾತು ಅಲ್ಲಿ ಏನು ಕೆಲಸ ಮಾಡ್ತು? ಅದು ಯಾವುದರ ಬೆನ್ನಿಗೆ ಬಂತು? ಕೇಳದೆ ನಾನು ಹೇಗೆ ಹೇಳಲಿ?"

ಹಾಗೆ ಆ ಯಂತ್ರ ಕೊಂಡದ್ದು.

ಎರಡನೆಯ ಸಲ ಹೋದಾಗ ಅವರನ್ನು ಪರಿಚಯ ಮಾಡಿಸಿದೆ. "ಇವ್ರು ಟೀಚರ್ರು. ಜನ ಮಾತಾಡೋದನ್ನ ಓದ್ತಾರೆ."

ವೆಂಕಟಪ್ಪ ಗಹಗಹಿಸಿ ನಕ್ಕ. "ಮಾತಾಡಾದನ್ನ ಓದಾದಾ? ಹಂಗಾದ್ರೆ ನಮ್ಮನೇಲಿ ಲೈಬ್ರರಿನೇ ಐತೆ ಕಣಮ್ಮ, ದಿನಾ ಬಾ."

ಮೇಡಂ ಯಂತ್ರವನ್ನು ಜಗುಲಿಯ ನಡುವೆ ಎಲ್ಲರಿಗೂ ಕಾಣುವಂತೆ ಇಟ್ಟರು. ಏನಿದು, ಏನಕ್ಕೆ, ಬೇಡ ಅಂದರೆ ನಿಲ್ಲಿಸುತ್ತೇನೆ, ಎಲ್ಲ ಹೇಳಿದರು. ವೆಂಕಟಪ್ಪ, "ದಾರಿ ಮಾತು ಮುಗ್ಯೋಗಂಟ ಇಟ್ಕಳಮ್ಮ," ಎಂದ. ಅಷ್ಟಕ್ಕೇ ಬಿಡದೆ ಮೇಡಂ ಬಾಗಿಲ ಹತ್ತಿರ ಹೋಗಿ, ಹೊಸ್ತಿಲಲ್ಲಿ ಅವರೆಕಾಯಿ ಸುಲಿಯುತ್ತಾ ಕೂತಿದ್ದ ಮುದುಕಿಯನ್ನೂ ಕೇಳಿದರು. ಆಕೆ ವೆಂಕಟಪ್ಪನ ಅತ್ತಿಗೆ ಗೌರಮ್ಮ, ಅವನ ತೀರಿಹೋದ ಅಣ್ಣನ ಹೆಂಡತಿ. ತೆಲುಗು ಸೀಮೆಯ ಹೆಣ್ಣು; ಮನೆಯೊಳಗೆ ತೆಲುಗು, ಹೊರಗೆ ಕನ್ನಡ. ಆಕೆ ತಲೆ ಎತ್ತದೆ, ಆಗಲಿ ಎಂಬಂತೆ ಗಲ್ಲ ಆಡಿಸಿದಳು. ಸುಮ್ಮನೆ ಹೊತ್ತು ಕಳೆಯುತ್ತಿದ್ದಾರಲ್ಲ ಎಂದು ನಾನು ಕುರ್ಚಿಯಲ್ಲಿ ಮಿಸುಕಾಡುತ್ತಿದ್ದೆ.

ಆ ದಿನ, ಆಮೇಲೆ ಇನ್ನೊಂದು ದಿನ, ಮಾತು ನಡೆಯಿತು. ನಾನು ಬೆಲೆ ಹೇಳಿದೆ, ಬೆಲೆ ಬಿಟ್ಟು ಬದಲಿ ಜಾಗ ಹೇಳಿದೆ, ಪಂಪ್‌ಸೆಟ್ಟು ಕೊಡುತ್ತೇನೆ ಎಂದೆ. "ನೋಡಾನ." "ನೋಡಾನ."  ಸರಸುವಿನ ಗಿಡಗಳು ಆಗಲೇ ಮೊಗ್ಗು ಹಿಡಿದಿದ್ದವು. ಲೇಔಟಿನವನು ಅವಳ ಗಂಡನನ್ನು ಫ್ಯಾಕ್ಟರಿ ಗೇಟಿನ ಹತ್ತಿರವೇ ಬಂದು ಕಂಡಿದ್ದನಂತೆ.

ಮೇಲೆ ಚಪ್ಪಲಿ ಸದ್ದು ಶುರುವಾಯಿತು. ನಿಲ್ಲದು. ನನಗೆ ಗಿರಾಕಿ ಬೇಡ, ಊಟ ಬೇಡ. ಆ ಸದ್ದು ಎಂದಿಗೆ ನಿಲ್ಲುತ್ತದೋ ಎಂದು ತಲೆ ಮೇಲೆತ್ತಿ ಕೂತಿದ್ದೆ. ಮೂರು ದಿನ ಬಿಟ್ಟು ಸಾಯಂಕಾಲದ ಹೊತ್ತಿಗೆ ನಿಂತಿತು. ಮೆಟ್ಟಿಲ ಮೇಲಿಂದ ಕರೆದರು.

"ಆ ಮನೇಲಿ ಮೇಕೆ ಎಷ್ಟಿದಾವೆ?"

"ಒಂದೇ ಮೇಡಂ. ಜಗುಲಿ ಕಂಬಕ್ಕೆ ಕಟ್ಟಿದ್ರಲ್ಲ, ಅದೇ."

"ಅದು ತುಂಟ ಮೇಕೆಯಾ?"

"ಕಟ್ಟಿದ ಮೇಕೆ ಏನು ತುಂಟಾಟ ಆಡ್ತದೆ? ಸುಮ್ನೆ ಮೆಲುಕು ಹಾಕ್ತಾ ಕೂತಿತ್ತು."

"ಹಾಗಾದ್ರೆ ಇದು ಕೇಳಿ," ಎಂದು ಇಯರ್‌ಫೋನು ನನ್ನ ಕಿವಿಗೆ ಸಿಕ್ಕಿಸಿದರು.

ಮೊದಲು ನನ್ನ ದನಿ, ಬೆಲೆ ಹೇಳುತ್ತಿದ್ದೇನೆ. ನನ್ನ ದನಿ ಅಷ್ಟು ಜೋರೆಂದು ಅವತ್ತೇ ಗೊತ್ತಾದದ್ದು. ಅದು ಮುಗಿಯಿತೋ ಇಲ್ಲವೋ, ಹಿಂದಿನಿಂದ ಗೌರಮ್ಮನ ದನಿ, ತೆಲುಗಿನಲ್ಲಿ, ಮೇಕೆಗೆ: "ಏಮೇ, ಕಳ್ಳು ಲೇವಾ ನೀಕು?" ನಿನಗೆ ಕಣ್ಣಿಲ್ಲವೇನೇ ಎಂದು. ಮಲಗಿರುವವರ ಮೇಲೆ ಕಾಲಿಡುತ್ತೀಯಾ ಎಂದು. ಆಮೇಲೆ ಒಂದು ಗಳಿಗೆ ಮೌನ. ಆಮೇಲೆ ವೆಂಕಟಪ್ಪ: "ನೋಡಾನ ಬುಡಣ್ಣ." ಜಗುಲಿಯ ಮೂಲೆಯಲ್ಲಿ ಮೊಮ್ಮಗು ಮಲಗಿತ್ತು, ಅದರ ಹತ್ತಿರ ಮೇಕೆ ಹೋಯಿತು ಅಂತ ಬೈದಿದ್ದಾಳೆಂದುಕೊಂಡು ನಾನು ಅವತ್ತು ಕಿವಿಗೇ ಹಾಕಿಕೊಂಡಿರಲಿಲ್ಲ.

"ಮುಂದಕ್ಕೆ ಕೇಳಿ," ಎಂದರು. ಮತ್ತೆ ನಾನು ಬದಲಿ ಜಾಗದ ಮಾತೆತ್ತಿದೆ, ಮತ್ತೆ ಮೇಕೆಗೆ ಬೈಗುಳ, ಮತ್ತೆ ಮೌನ, ಮತ್ತೆ "ನೋಡಾನ." ಇನ್ನೊಂದು ದಿನದ್ದೂ ಹಾಗೆಯೇ. ಮಳೆಯ ಮಾತು, ಫ್ಯಾಕ್ಟರಿಯ ಮಾತು, ಬಸ್ಸಿನ ಮಾತು ಬಂದಾಗ ಮೇಕೆ ಸುಮ್ಮನಿದೆ.

"ಬೆಲೆ ಹೇಳ್ದಾಗ ಮಾತ್ರ ತಪ್ಪು ಮಾಡೋ ಮೇಕೆ ಎಲ್ಲಾದ್ರೂ ಉಂಟಾ?" ಎಂದರು ಮೇಡಂ. ಅವರ ಕಣ್ಣು ಹೊಳೆಯುತ್ತಿತ್ತು. "ನೀವು ವೆಂಕಟಪ್ಪನೋರ ಹತ್ರ ವ್ಯಾಪಾರ ಮಾಡ್ತಿದ್ದೀನಿ ಅಂದ್ಕೊಂಡಿದ್ರಿ. ಅವರು 'ನೋಡಾನ' ಅನ್ನೋದು ನಿಮ್ಮ ಬೆಲೆಗೆ ಅಲ್ಲ. ಆ ದನಿಯ ಬೆನ್ನಿಗೆ."

 ಇದು ನನಗೆ ಗೊತ್ತಿಲ್ಲದ ಪದ್ಧತಿಯೇ? ನಮ್ಮ ಸೀಮೆಯ ಯಾವ ಹಳ್ಳಿ ಮನೆಯಲ್ಲಿ ಇದಿಲ್ಲ? ನನ್ನವ್ವ ಬದುಕಿರುವ ತನಕ ತನ್ನ ಮಾವನಿಗೆ ಹೇಳಬೇಕಾದ್ದನ್ನೆಲ್ಲ ಕೋಳಿಗೆ ಹೇಳುತ್ತಿದ್ದಳು. "ಹೊತ್ತಾಯ್ತು, ಉಣ್ಣಾಕೆ ಬರಬಾರ್ದಾ" ಎಂದು ಕೋಳಿಯನ್ನು ಕರೆದರೆ ತಾತ ಕೈತೊಳೆಯಲು ಏಳುತ್ತಿದ್ದ. ಅದೇ ಅಂಗಳದಲ್ಲಿ ಬೆಳೆದ ನಾನು ಕುರ್ಚಿಯಲ್ಲಿ ಕೂತ ಗಂಡಸರ ಬಾಯಿ ಮಾತ್ರ ನೋಡುವುದನ್ನು ಎಂದು ಕಲಿತೆನೋ! ವ್ಯಾಪಾರ ಕಲಿಸಿತು. ನಮ್ಮಂಥ ದಲ್ಲಾಳಿಗಳು ಮಾತ್ರ ಮಾಡುವ ತಪ್ಪು ಇದು. ಬೇರೆ ಯಾರೇ ಆಗಿದ್ದರೂ ಅವತ್ತೇ ಹೊಸ್ತಿಲ ಕಡೆ ತಿರುಗುತ್ತಿದ್ದರು.

"ಆ ಮುದುಕಿಗೆ ಏನು ಬೇಕು ಮೇಡಂ? ಹೇಳಿ, ಈಗ್ಲೇ ಹೋಗಿ ಕೊಟ್ಬುಡಾನ."

"ಅದು ನನಗೆ ಗೊತ್ತಿಲ್ಲ," ಎಂದರು ನಿರ್ದಾಕ್ಷಿಣ್ಯವಾಗಿ. "ನನ್ನ ವಿದ್ಯೆ ಮನಸ್ಸು ಓದಲ್ಲ. ಆಯಮ್ಮ ಈ ಮಾತಿನೊಳಗೆ ಇದಾರೆ ಅಂತ ಮಾತ್ರ ತೋರಿಸ್ತದೆ. ಏನು ಬೇಕು ಅಂತ ಅವರೇ ಹೇಳ್ಬೇಕು. ನೀವು ಅವರಿಗೆ ಹೇಳೋಕೆ ಜಾಗ ಕೊಟ್ಟಿಲ್ಲ ಅಷ್ಟೇ. ನೋಡಿ ಇಲ್ಲಿ, 'ನೋಡಾನ' ಆದ ಮೇಲೆ ಅವರು ಮತ್ತೆ ಬಾಯಿ ತೆಗೆದಾಗಲೆಲ್ಲ ನೀವು ಮುಂದಿನ ಬೆಲೆ ಹೇಳಿಬಿಟ್ಟಿದ್ದೀರಿ."

ನೇರ ಕೇಳುವಂತಿಲ್ಲ. ಮೈದುನನ ಮುಂದೆ ಅತ್ತಿಗೆಯನ್ನು ಹೊರಗಿನವನು ಬೆಲೆಯ ಮಾತಿಗೆ ಎಳೆದರೆ ಯಜಮಾನನಿಗೆ ಅವಮಾನ. ಅವನು ಎದ್ದುಹೋದರೆ ದಾರಿಯೂ ಹೋಯಿತು, ತೋಟವೂ ಹೋಯಿತು. ನಾನು ಮೆಟ್ಟಿಲ ಮೇಲೆ ಕೂತೆ. ಮೇಡಂ ಹತ್ತಿ ಇಳಿದರು, ಹತ್ತಿ ಇಳಿದರು. ನಾನೇ ಹೇಳಿದೆ: "ಮೇಕೆನೇ ಕೇಳಾನ ಮೇಡಂ."

ಅವರು ನಿಂತುಬಿಟ್ಟರು. ಆಮೇಲೆ ಒಂದೇ ಒಂದು ಬುದ್ಧಿ ಹೇಳಿದರು. "ಕೇಳಿದ ಮೇಲೆ ಸುಮ್ಮನಿರಿ. ಎಷ್ಟೇ ಹೊತ್ತಾಗಲಿ. ಮೌನ ಬಂದ್ರೆ ಅದು ನಿಮ್ಮದಲ್ಲ, ಅವರದು. ಅದನ್ನ ತುಂಬಿಸಬೇಡಿ."

ಮಾರನೆಯ ಬೆಳಗ್ಗೆಯೇ ಹೋದೆವು. ಸರಸು ಕೂಡ ಬಂದು ಕಂಬದ ಮರೆಯಲ್ಲಿ ನಿಂತಳು; ಬರಬೇಡ ಎಂದರೂ ಕೇಳಲಿಲ್ಲ. ಅದೇ ಕುರ್ಚಿ, ಅದೇ ನೀರು. ಮೇಡಂ ಮತ್ತೆ ಎಲ್ಲರನ್ನೂ ಕೇಳಿ ಯಂತ್ರ ಇಟ್ಟರು. ವೆಂಕಟಪ್ಪ, "ಇವತ್ತೆಷ್ಟು ಏರಿಸ್ತೀಯಣ್ಣ?" ಎಂದು ದಣಿದ ದನಿಯಲ್ಲಿ ಕೇಳಿದ. ನಾನು ಅವನಿಗೆ ಉತ್ತರ ಹೇಳಲಿಲ್ಲ. ಕುರ್ಚಿಯನ್ನು ಅರ್ಧ ತಿರುಗಿಸಿ ಕಂಬಕ್ಕೆ ಕಟ್ಟಿದ್ದ ಮೇಕೆಯ ಕಡೆ ನೋಡಿ ಹೇಳಿದೆ:

"ಏನವ್ವಾ, ನಾವು ಕಣ್ಣಿಲ್ಲದ ಜನ. ಎಲ್ಲಿ ಕಾಲಿಡ್ಬಾರ್ದು ಅಂತ ನೀನೇ ಹೇಳು."

ವೆಂಕಟಪ್ಪ ಎಲೆಅಡಿಕೆ ಜಗಿಯುವುದನ್ನು ನಿಲ್ಲಿಸಿದ. ಹೊಸ್ತಿಲಲ್ಲಿ ಕಾಯಿ ಸುಲಿಯುವ ಸದ್ದು ನಿಂತಿತು. ಮೇಕೆ ನನ್ನನ್ನೇ ನೋಡುತ್ತಿತ್ತು. ವ್ಯಾಪಾರಿಗೆ ಮೌನ ಎಂದರೆ ಬೆಂಕಿ ಮೇಲೆ ಕೂತಂತೆ. ಬಾಯಿಯ ತುದಿಗೆ ಮೂರು ಬೆಲೆ ಬಂದವು, ನುಂಗಿದೆ. ಕಾಲ ಬೆರಳಿನಿಂದ ನೆಲ ಒತ್ತಿ ಹಿಡಿದೆ. ಮೇಡಂ ನನ್ನ ಕಡೆ ನೋಡಲಿಲ್ಲ, ಯಾರ ಕಡೆಯೂ ನೋಡಲಿಲ್ಲ. ರಸ್ತೆಯಲ್ಲಿ ಒಂದು ಕಂಪನಿ ಬಸ್ಸು ಹಾದುಹೋಯಿತು. ಸರಸು ಮಾತಾಡಲು ಬಾಯಿ ತೆರೆದಳು, ಕಣ್ಣಲ್ಲೇ ತಡೆದೆ.

ಗೌರಮ್ಮ ಮೇಕೆಗೆ ಹೇಳಿದಳು, ಈ ಸಲ ಕನ್ನಡದಲ್ಲಿ: "ಹೊಂಗೆ ಮರದಿಂದ ಈಚ್ಗೆ ಬರಬ್ಯಾಡ ಅಂದ್ರೆ ಕೇಳಲ್ಲ ಈ ಹಾಳಾದ್ದು. ಅಲ್ಲಿ ನಿನ್ನ ಯಜಮಾನ ಮಲಗವ್ನೆ ಅಂತ ಎಷ್ಟು ಸಲ ಬಡ್ಕಳದು ನಾನು?"

ವೆಂಕಟಪ್ಪನ ತಲೆ ಬಗ್ಗಿತು. ನನಗೆ ಆಗ ತಿಳಿಯಿತು. ಆ ಮನೆಯವರು ತಮ್ಮವರನ್ನು ತಮ್ಮ ಜಮೀನಿನಲ್ಲೇ ಮಣ್ಣು ಮಾಡುತ್ತಾರೆ. ಅಣ್ಣನನ್ನು ಹೊಂಗೆ ಮರದ ಈಚೆ ಮಣ್ಣು ಮಾಡಿದ್ದರು. ಆಮೇಲೆ ಜಮೀನು ಸಮ ಮಾಡಿಸುವಾಗ ಟ್ರ್ಯಾಕ್ಟರಿನವನು ಸಮಾಧಿಯ ದಿಬ್ಬವನ್ನೂ ಸಮ ಮಾಡಿಬಿಟ್ಟಿದ್ದ; ಇದನ್ನು ವೆಂಕಟಪ್ಪ ಆಮೇಲೆ ಹೇಳಿದ. ಕಲ್ಲು ನಿಲ್ಲಿಸಿರಲಿಲ್ಲ. ಸರಸುವಿನ ಗಂಡ ಪಕ್ಕದ ತೋಟ ಕೊಂಡದ್ದು ಅದಾದ ಮೇಲೆ. ನಮಗೆ ಗೊತ್ತಾಗುವ ಬಗೆಯಿರಲಿಲ್ಲ. ವೆಂಕಟಪ್ಪ ಹೇಗೆ ಹೇಳಿಯಾನು, ನನ್ನಣ್ಣನ ದಿಬ್ಬ ನಾನೇ ಸಮ ಮಾಡಿಸಿಬಿಟ್ಟೆ, ಅದರ ಮೇಲೆ ದಾರಿಗೆ ಬೆಲೆ ಎಷ್ಟು ಅಂತ? ಬೆಲೆ ಏರಿದಂತೆ ಅವನ ಮುಖ ಸಪ್ಪಗಾದದ್ದು ಅದಕ್ಕೆ. ನನ್ನ ಗೂಟಗಳು ಆ ಜಾಗದ ಮೇಲೆಯೇ ಹಾದು ಹೋಗಿದ್ದವು.

ನಾನು ಮೇಕೆಯನ್ನೇ ಕೇಳಿದೆ. "ಹಂಗಾದ್ರೆ ಮರದ ಆಚೆಗೆ ಹೋದ್ರೆ?"

"ಆಚೆಗೆ ಹೋದ್ರೆ ಯಾರ್ ಬ್ಯಾಡ ಅಂದ್ರು?" ಎಂದಳು. "ಹೆಣ್ಣುಮಗಳು ಹೂವು ಹೊತ್ಕಂಡು ಬದೂ ಮೇಲೆ ಹೋಗಾದ ನಾನೇನು ನೋಡಲ್ವಾ?" ಇದನ್ನು ಹೇಳುವಾಗ ಆಕೆಯ ಮುಖ ಮೇಕೆಯ ಕಡೆಗಿರಲಿಲ್ಲ, ಕಂಬದ ಹತ್ತಿರ ನಿಂತಿದ್ದ ಸರಸುವಿನ ಕಡೆಗಿತ್ತು. ಸರಸು ಸೆರಗು ಬಾಯಿಗೆ ಒತ್ತಿಕೊಂಡಳು.

ಆಮೇಲೆ ಗೌರಮ್ಮ ಮಾತಾಡತೊಡಗಿದಳು. ನೇರ, ಎಲ್ಲರ ಮುಂದೆ, ತೆಲುಗು ಕನ್ನಡ ಎರಡೂ ಬೆರೆಸಿ, ಗಂಡನ ಬಗ್ಗೆ. ಅವನ ಕೊನೆಯ ದಿನಗಳ ಬಗ್ಗೆ ಅವಳು ಶುರು ಮಾಡಿದ ಕೂಡಲೇ ಮೇಡಂ ಕೈ ಚಾಚಿ ಯಂತ್ರ ಆರಿಸಿಬಿಟ್ಟರು. ನಾನು ಬೆಚ್ಚಿದೆ. ಇಷ್ಟು ದಿನ ಕಾದದ್ದು ಇದೇ ಮಾತಿಗಲ್ಲವೇ? ಎಂಥ ಸರಕು! ವಾಪಸು ಬರುವಾಗ ತಡೆಯಲಾರದೆ ಕೇಳಿದೆ, "ಯಾರಾದ್ರೂ ಇಂಥದನ್ನ ಬಿಡ್ತಾರಾ ಮೇಡಂ?"

"ಅವರು ಅಪ್ಪಣೆ ಕೊಟ್ಟಿದ್ದು ದಾರಿ ಮಾತಿಗೆ. ಅದು ಗಂಡನ ಮಾತು," ಎಂದರು. "ನೀವು ಬೇಲಿ ನೋಡಿ ವ್ಯಾಪಾರ ಮಾಡಲ್ವಾ? ಇದೂ ಹಾಗೇ." ಆಮೇಲೆ ಊರು ಬರುವವರೆಗೆ ಚಡಪಡಿಸುತ್ತಲೇ ಇದ್ದರು. ಬಿಟ್ಟುಕೊಟ್ಟದ್ದು ಎಷ್ಟೆಂದು ಅವರಿಗೆ ಗೊತ್ತಿತ್ತು. ಆ ರಾತ್ರಿ ತಾರಸಿಯ ಮೇಲೆ ಸದ್ದು ನಿಲ್ಲಲೇ ಇಲ್ಲ ಎಂದು ಪಕ್ಕದ ಮನೆಯವರು ದೂರಿದರು.

ದಾರಿ ಏನು ಪುಕ್ಕಟೆ ಸಿಗಲಿಲ್ಲ. ಅವತ್ತೇ ವೆಂಕಟಪ್ಪ ಕಣ್ಣೊರೆಸಿಕೊಂಡು, "ಕಲ್ಲು ನಾನು ನಿಲ್ಲುಸ್ತೀನಿ ಅತ್ಗೆ. ದಾರಿ ದುಡ್ಡು ಬ್ಯಾರೆ ಮಾತು, ಈಗ ಕೂತ್ಕಳಣ್ಣ," ಎಂದು ಕುರ್ಚಿ ಎಳೆದ. ಮರದ ಆಚೆ ದಾರಿ ಸೊಟ್ಟ, ಕಾಲುವೆಗೆ ಒಂದು ಸಿಮೆಂಟು ಪೈಪು ಹಾಕಬೇಕಿತ್ತು. ಗಂಟಲು ಹರಿಯುವಂತೆ ಚೌಕಾಸಿ ಮಾಡಿದೆವು, ಹಳೆ ಸ್ನೇಹಿತರ ಹಾಗೆ. ಟೀ ಬರುವುದರೊಳಗೆ ಮುಗಿಯಿತು. ಈಗ ವ್ಯಾನು ಸರಸುವಿನ ಗಿಡದ ಸಾಲಿನವರೆಗೂ ಹೋಗುತ್ತದೆ. ಲೇಔಟಿನವನ ಫೋನನ್ನು ಅವಳೇ ಎತ್ತಿ, "ರಾಂಗ್ ನಂಬರು," ಎಂದು ಇಟ್ಟಳಂತೆ.

ಮೇಡಂ ತೀರಿಕೊಂಡ ದಿನ ಅವರ ತಮ್ಮ ಕೃಷ್ಣಗಿರಿಯಿಂದ ಬಂದಿದ್ದರು. ಬಂದವರೆಲ್ಲ "ಹೇಗಾಯ್ತು?" ಎಂದು ಕೇಳುತ್ತಿದ್ದರು, ಅವರು ಹೇಳುತ್ತಿದ್ದರು. ಸಾವಿನ ಮನೆಯಲ್ಲಿ ಇದನ್ನು ಕೇಳುವುದು ತಿಳಿದುಕೊಳ್ಳಲು ಅಲ್ಲ, ಹೇಳುವವರಿಗೆ ಹೇಳಲು ಕೊಡುವುದಕ್ಕೆ ಎಂದು ಮೇಡಂ ಒಮ್ಮೆ ನನಗೆ ಹೇಳಿದ್ದರು. ನಾನು ಮೂಲೆಯಲ್ಲಿ ನಿಂತು ನೋಡಿದೆ. ಮೊದಮೊದಲು ತಮ್ಮನ ಮಾತು ಉದ್ದವಿತ್ತು, ತಡವರಿಸುತ್ತಿತ್ತು. ಹೊತ್ತು ಹೋದಂತೆ ಗಿಡ್ಡವಾಯಿತು, ಸರಾಗವಾಯಿತು. ಅದು ಅವರ ದುಃಖ ಇಳಿಯುವ ಸದ್ದು. ನನ್ನನ್ನು ಮಾತ್ರ ಯಾರೂ ಕೇಳಲಿಲ್ಲ. ಬಾಡಿಗೆಯವನನ್ನು ಯಾರು ಕೇಳುತ್ತಾರೆ? ಅದಕ್ಕೇ ಇರಬೇಕು ಇನ್ನೂ ಕಾಲು ನಿಲ್ಲುತ್ತಿಲ್ಲ, ಇದನ್ನೆಲ್ಲ ನಿಮಗೆ ಹೇಳುತ್ತಿದ್ದೇನೆ.

ಹೇಳಿದ ಮೇಲೆ ನಿಮಗೂ ಏನಾದರೂ ಉಪಯೋಗ ಆಗಬೇಕು. ಜಾಗದ ವ್ಯವಹಾರಕ್ಕೆ ಹೋಗುತ್ತೀರಿ ಅನ್ನಿ. ಕುರ್ಚಿಯ ಮೇಲೆ ಯಾರಿದ್ದಾರೆಂದು ಎಲ್ಲರೂ ನೋಡುತ್ತಾರೆ. ನೀವು ಅವರ ಬೆನ್ನ ಹಿಂದಿನ ಬಾಗಿಲು ಕಾಣುವಂತೆ ಕೂರಿ. ಬೆಲೆ ಹೇಳಿದ ಮೇಲೆ ನೀರು ಕುಡಿಯಿರಿ, ಬಾಯಿಗೆ ಕೆಲಸ ಬೇಕಲ್ಲ. ಏರಿಸಿದಷ್ಟೂ ಎದುರಿನವನು 'ನೋಡಾನ' ಎನ್ನುತ್ತಿದ್ದರೆ ಏರಿಸುವುದನ್ನು ನಿಲ್ಲಿಸಿ. ಅವನಿಗೆ ಬೇಕಾದದ್ದು ನಿಮ್ಮ ಜೇಬಿನಲ್ಲಿಲ್ಲ. ಮತ್ತೆ ಮುಖ್ಯವಾದ ಮಾತು: ಯಾರ ನೆಲಕ್ಕೇ ಆಗಲಿ ಗೂಟ ಹೊಡೆಯುವ ಮುಂಚೆ, ಇಲ್ಲಿ ಯಾರಾದರೂ ಮಲಗಿದ್ದಾರಾ ಎಂದು ಒಂದು ಮಾತು ಕೇಳಿ. ಯಾರ ಮುಖವನ್ನೂ ನೋಡದೆ, ಮನೆಯ ಕಡೆ ತಿರುಗಿ, ಎಲ್ಲರಿಗೂ ಕೇಳುವಂತೆ ಕೇಳಿ. ಕೇಳಿ ಸುಮ್ಮನೆ ನಿಲ್ಲಿ. ಉತ್ತರ ತಡವಾದರೆ ಗಾಬರಿ ಬೀಳಬೇಡಿ, ಒಳಗಿನಿಂದ ಬರುವ ಮಾತು ಹೊಸ್ತಿಲು ದಾಟಿ ಬರಬೇಕಲ್ಲ.